ರಜೆಚೀಟಿಯ ಸೇಡು

"ಯಾರಿಗೆ ಹೇಳಿದ್ರಿ?"

ಕ್ಲಿನಿಕ್ಕಿನ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಬೆಂಚಿನ ಮೇಲಿದ್ದ ಏಳೆಂಟು ರೋಗಿಗಳು ಒಟ್ಟಿಗೆ ತಲೆಯೆತ್ತಿದರು. ಕೆಮ್ಮುತ್ತಿದ್ದ ಮುದುಕರೊಬ್ಬರು ಕೆಮ್ಮನ್ನು ಅರ್ಧಕ್ಕೇ ನುಂಗಿಕೊಂಡರು.

ಅವಳು ಯಾರ ಕಡೆಗೂ ನೋಡಲಿಲ್ಲ. ನೇರ ಕೌಂಟರಿಗೆ ನಡೆದು, ಗುಮಾಸ್ತನ ಮುಂದಿದ್ದ ಫೈಲುಗಳ ಮೇಲೆ ಎರಡೂ ಅಂಗೈ ಊರಿ ನಿಂತಳು.

"ನಿಮ್ಮನ್ನೇ ಕೇಳ್ತಿರೋದು! ಯಾರಿಗೆ ಹೇಳಿದ್ರಿ?"

ಗುಮಾಸ್ತ ಪೆನ್ನು ಕೆಳಗಿಟ್ಟ. ಮೂವತ್ತು ದಾಟಿರಬಹುದು. ಅಂಗಿಯ ಎರಡೂ ತೋಳುಗಳನ್ನು ಅಳತೆ ಹಿಡಿದಂತೆ ಒಂದೇ ಸಮ ಮಡಚಿದ್ದ. ಆ ಅಚ್ಚುಕಟ್ಟು ನೋಡಿಯೇ ಅವಳಿಗೆ ಮೈ ಉರಿಯಿತು.

"ಏನನ್ನ, ಮೇಡಂ?"

"ನನ್ನ ಕಾಯಿಲೇನ!"

ಅವನು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಇಲ್ಲಿ ಜನ ಇದ್ದಾರೆ. ದಯವಿಟ್ಟು ಒಳಗೆ ಬನ್ನಿ."

"ಓ... ಈಗ ಕಂಡ್ರಾ ಜನ! ನಮ್ಮ ಲಾಂಡ್ರೀಲಿ ನಲವತ್ತು ಜನ ನನ್ನ ಹಿಂದೆ ಮುಸಿಮುಸಿ ನಗ್ತಿದ್ದಾರಲ್ಲ, ಅವರೇನು ಗೋಡೆಗಳಾ?"

"ನಾನು ಯಾರಿಗೂ ಏನೂ ಹೇಳಿಲ್ಲ."

"ನನ್ನ ಫೈಲ್ ನೋಡಿದವರು ಇಬ್ಬರೇ. ಡಾಕ್ಟರಮ್ಮ ಮತ್ತೆ ನೀವು. ಡಾಕ್ಟರಮ್ಮನಿಗೆ ಎದುರಿಗೆ ಕೂತವರ ಮುಖಾನೇ ಸರಿಯಾಗಿ ಕಾಣಲ್ಲ, ಅವರು ಊರಿಗೆಲ್ಲ ಹೇಳ್ಕೊಂಡು ಬರ್ತಾರಾ? ಉಳಿದವರು ಯಾರು, ನೀವೇ ಹೇಳಿ!"

ಅವನು ಚದುರಿದ ಫೈಲುಗಳನ್ನು ಒಂದೊಂದಾಗಿ ಸರಿಮಾಡಿದ.

"ನಿಮ್ಮ ಕೆಲಸ ಹೋಗೋ ತನಕ ನಾನು ಬಿಡಲ್ಲ," ಅವಳು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಬರೆದಿಟ್ಕೊಳ್ಳಿ. ಅಕ್ಷರ ದುಂಡಾಗಿದೆಯಲ್ಲ ನಿಮ್ದು!"

ಬಂದಷ್ಟೇ ರಭಸದಿಂದ ಹೊರಟು ಹೋದಳು. ಬೀದಿಯ ತಿರುವು ದಾಟಿದ ಮೇಲಷ್ಟೇ ಹೆಜ್ಜೆ ನಿಧಾನಿಸಿದಳು. ಅಳಬಾರದು... ಇವತ್ತು ಮಾತ್ರ ಅಳಬಾರದು...

ಅಷ್ಟಕ್ಕೂ ಅವಳ ಕಾಯಿಲೆ ಏನು? ಅಳು. ಅಷ್ಟೇ.

ಅವಳು ಕೆಲಸ ಮಾಡುತ್ತಿದ್ದದ್ದು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಒದ್ದೆ ಬೆಡ್‌ಶೀಟು ಬಿಸಿ ರೋಲರಿನ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹಪ್ಪಳದಂತೆ ಗರಿಗರಿಯಾಗಿ ಹೊರಬರುತ್ತಿತ್ತು. ಅದರ ಅಂಚು ಹಿಡಿದು, ಟ್ಯೂಬ್‌ಲೈಟಿಗೆ ಓರೆ ಮಾಡಿ, ಎಲ್ಲಾದರೂ ಗೆರೆ, ಕಲೆ, ಗುಂಡಿಯೊತ್ತಿದ ಗುರುತು ಇದೆಯೇ ಎಂದು ನೋಡಿ ಮಡಚುವುದು ಅವಳ ಮೇಜಿನ ಕೆಲಸ. ಮೇಜಿನ ಮುಖ್ಯಸ್ಥೆ ಅವಳೇ. ಆರು ವರ್ಷ ದುಡಿದು ಸಂಪಾದಿಸಿದ ಜಾಗ ಅದು.

ಚಳಿ ಶುರುವಾಗುವ ಹೊತ್ತಿಗೆ ಅಮ್ಮ ತೀರಿಕೊಂಡಳು. ಅದಾದ ಮೇಲೆ ಅವಳಿಗೆ ನಿದ್ದೆ ಬಿಟ್ಟುಹೋಯಿತು. ಒಂದು ದಿನ ಬಿಸಿ ಬೆಡ್‌ಶೀಟನ್ನು ಎದೆಗವಚಿಕೊಂಡು ನಿಂತಲ್ಲೇ ಅಳತೊಡಗಿದವಳು ನಿಲ್ಲಿಸಲಾಗದೆ ಹೋದಳು. ತಂಗಿ ಕೈಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರಮ್ಮ ಎರಡು ವಾರ ವಿಶ್ರಾಂತಿ ಹೇಳಿದರು, ಮನೋವೈದ್ಯರಿಗೆ ಒಂದು ಪತ್ರ ಬರೆಸಿದರು, ಆಮೇಲೆ ಲಾಂಡ್ರಿಗೆ ಕೊಡಲು ಒಂದು ಸರ್ಟಿಫಿಕೇಟ್. ಡಾಕ್ಟರಮ್ಮನಿಗೆ ಕಣ್ಣು ಮಂಜು. ಅವರು ಹೇಳುತ್ತಿದ್ದರು, ಗುಮಾಸ್ತ ಬರೆಯುತ್ತಿದ್ದ, ಅವರು ಸಹಿ ಹಾಕುತ್ತಿದ್ದರು.

ಲಾಂಡ್ರಿಗೆ ಕೊಟ್ಟ ಚೀಟಿಯಲ್ಲಿದ್ದದ್ದು ಮೂರೇ ಸಾಲು. ಇವರು ಅಸ್ವಸ್ಥರಾಗಿದ್ದಾರೆ, ಎರಡು ವಾರ ವಿಶ್ರಾಂತಿ ಬೇಕು, ದಯವಿಟ್ಟು ರಜೆ ಕೊಡುವುದು. ರೋಗದ ಹೆಸರಿಲ್ಲ. "ಮಾಲೀಕರಿಗೆ ಅಷ್ಟು ಸಾಕಮ್ಮಾ. ಉಳಿದಿದ್ದು ನಿನ್ನದು," ಎಂದಿದ್ದರು ಡಾಕ್ಟರಮ್ಮ. ಆ ಮಾತು ಕೇಳಿಯೇ ಅವಳಿಗೆ ಅರ್ಧ ವಾಸಿಯಾಗಿತ್ತು.

ಎರಡು ವಾರ ಕಳೆದು ಕೆಲಸಕ್ಕೆ ಬಂದ ಬೆಳಿಗ್ಗೆ ಸಿಬ್ಬಂದಿ ಅಧಿಕಾರಿ ಅವಳನ್ನು ತನ್ನ ಕೋಣೆಗೆ ಕರೆದ. ಕುರ್ಚಿ ತೋರಿಸಲಿಲ್ಲ.

"ನೋಡಮ್ಮಾ, ಕಾರಣವಿಲ್ಲದೆ ಅಳು ಬರೋರು ಬಿಸಿ ರೋಲರ್ ಹತ್ತಿರ ನಿಂತ್ರೆ ಹೇಗೆ? ಕೈಗಿಯ್ಯಿ ಸಿಕ್ಕಾಕ್ಕೊಂಡ್ರೆ ನಾನು ಉತ್ತರ ಹೇಳ್ಬೇಕು. ಕೊಳೆ ಬಟ್ಟೆ ಕೋಣೇಲಿರು. ಅಲ್ಲಿ ಎಷ್ಟು ಬೇಕಾದ್ರೂ ಅಳಬಹುದು, ಹೇಗಿದ್ರೂ ಒಗೆಯೋ ಬಟ್ಟೆ!"

ತನ್ನ ಹಾಸ್ಯಕ್ಕೆ ತಾನೇ ನಕ್ಕ.

ಅವಳ ಜಾಗಕ್ಕೆ ಬಂದವಳು ಅವನ ಹೆಂಡತಿಯ ತಂಗಿ. ಊಟದ ಹೊತ್ತಿಗೆ ಇವಳಿಗೊಂದು ಹೊಸ ಹೆಸರೂ ಸಿಕ್ಕಿತ್ತು: 'ನಿದ್ದೆಮಾತ್ರೆ.' "ಏ ನಿದ್ದೆಮಾತ್ರೆ, ಸ್ವಲ್ಪ ಸರಿಯೇ!" "ನಿದ್ದೆಮಾತ್ರೆ ಎದ್ದಿದ್ದಾಳಾ ನೋಡ್ರೋ!"

ಕಾರಣವಿಲ್ಲದೆ ಅಳು... ಆ ಮಾತು ಮನೋವೈದ್ಯರಿಗೆ ಬರೆಸಿದ ಪತ್ರದಲ್ಲಿತ್ತು. ಅಕ್ಷರಕ್ಕೆ ಅಕ್ಷರ ಹಾಗೆಯೇ ಇತ್ತು. ಅದನ್ನು ಬರೆದ ಕೈ ಯಾರದೆಂದು ಅವಳಿಗೆ ಗೊತ್ತಿತ್ತು.

ಕ್ಲಿನಿಕ್ಕಿನಲ್ಲಿ ಕೂಗಾಡಿದ ದಿನದ ಸಂಜೆಯೇ ಅವಳು ಡಾಕ್ಟರಮ್ಮನಿಗೆ ದೂರು ಬರೆದುಕೊಟ್ಟಳು. ಡಾಕ್ಟರಮ್ಮ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿ, ಮೇಜಿನ ಮೇಲಿಟ್ಟರು.

"ಸೋಮವಾರ ವಿಚಾರಣೆ ಮಾಡ್ತೀನಿ. ನಿಜ ಅಂತಾದ್ರೆ ಅವನು ಇಲ್ಲಿರಲ್ಲ. ಬೇರೆ ಯಾವ ಆಸ್ಪತ್ರೆಯವರೂ ಅವನನ್ನ ಒಳಗೆ ಬಿಟ್ಕೊಳ್ಳಲ್ಲ. ಯೋಚನೆ ಮಾಡಿ ಬರೆದಿದ್ದೀಯಾ?"

"ಮಾಡಿದ್ದೀನಿ."

ಎಷ್ಟು ದಿನದ ಮೇಲೆ ಅವತ್ತು ಅವಳಿಗೆ ಊಟ ಸೇರಿತು!

"ಅಕ್ಕಾ, ತಿನ್ನುತ್ತಾ ತಿನ್ನುತ್ತಾ ನಗ್ತಿದ್ದೀಯ," ತಂಗಿ ತಟ್ಟೆಯ ಮೇಲಿಂದ ಇಣುಕಿದಳು.

"ಒಬ್ಬನ ಕೆಲಸ ಕಳೀತಿದ್ದೀನಿ."

"ನೋಡೋಕೆ ಚೆನ್ನಾಗಿದ್ದಾನಾ?"

"ಯಾರೇ?"

"ಕೆಲಸ ಕಳ್ಕೊಳ್ಳೋನು."

"ಮುಚ್ಚು ಬಾಯಿ!"

"ಅಲ್ಲ, ಸಂಜೆಯಿಂದ ಅವನ ಅಂಗಿ ತೋಳು, ಅವನ ಪೆನ್ನು, ಅವನು ಕಣ್ಣು ತಗ್ಗಿಸೋ ರೀತಿ... ಎಲ್ಲಾ ಹೇಳಿದ್ಯಲ್ಲ. ಅದಕ್ಕೇ ಕೇಳ್ದೆ."

ಅವಳು ಚಮಚ ಎಸೆದಳು. ತಂಗಿ ತಲೆ ಬಗ್ಗಿಸಿ ತಪ್ಪಿಸಿಕೊಂಡಳು.

ಬುಧವಾರ ಮಧ್ಯಾಹ್ನ ಮಾತ್ರೆ ತರಲೆಂದು ಅವಳು ಕ್ಲಿನಿಕ್ಕಿಗೆ ಹೋಗಬೇಕಾಯಿತು. ಬೀದಿಯಾಚೆ ನಿಂತು, ಒಳಗೆ ಹೋಗಲು ಮನಸ್ಸಿಲ್ಲದೆ ಕಾಲೆಳೆಯುತ್ತಿದ್ದಾಗ ಕಂಡಿತು... ಕ್ಲಿನಿಕ್ಕಿನ ಹಿಂಬಾಗಿಲಿನಿಂದ ಸಿಬ್ಬಂದಿ ಅಧಿಕಾರಿ ಹೊರಬರುತ್ತಿದ್ದ! ಆಚೀಚೆ ನೋಡಿ, ಒಂದು ಲಕೋಟೆಯನ್ನು ಅಂಗಿಯೊಳಗೆ ತುರುಕಿಕೊಂಡು, ತಲೆ ತಗ್ಗಿಸಿ ಸರಸರನೆ ಗಲ್ಲಿಗೆ ಇಳಿದ.

ಇವನಿಗೂ ಇದೆ! ಇವನಿಗೂ ಮುಚ್ಚಿಡಬೇಕಾದ್ದು ಒಂದಿದೆ!

ಬೆಂಚು ಖಾಲಿಯಿತ್ತು. ಗುಮಾಸ್ತ ಊಟದ ಡಬ್ಬಿ ಬಿಚ್ಚುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ. ಮಾತ್ರೆಯ ಪೊಟ್ಟಣ ತಂದು ಕೊಟ್ಟ. ಅವಳು ಹೊರಡಲಿಲ್ಲ.

"ಈಗ ನಮ್ಮ ಆಫೀಸರ್ ಬಂದಿದ್ರಲ್ಲ."

"ಯಾರು ಬಂದ್ರು, ಯಾರು ಹೋದ್ರು ಅಂತ ನಾನು ಹೇಳಲ್ಲ."

"ನಾನೇ ಕಣ್ಣಾರೆ ನೋಡಿದೆ ಕಣ್ರೀ!"

"ನೀವು ನೋಡಿರಬಹುದು. ನಾನು ನೋಡಿಲ್ಲ."

ಅವಳು ಚೀಲದಿಂದ ದೂರಿನ ಪ್ರತಿ ತೆಗೆದಳು. ಎರಡೂ ಕೈಯಲ್ಲಿ ಹಿಡಿದು, ಮಧ್ಯಕ್ಕೆ ಹರಿಯುವಂತೆ ಬೆರಳಿಟ್ಟಳು.

"ಅವನಿಗೇನು ಕಾಯಿಲೆ, ಹೇಳಿ. ಒಂದೇ ಒಂದು ಪದ. ಇಲ್ಲೇ ಹರಿದು ಹಾಕ್ತೀನಿ. ಡಾಕ್ಟರಮ್ಮನಿಗೂ ಹೇಳ್ತೀನಿ, ನಂದೇ ತಪ್ಪಾಯ್ತು ಅಂತ."

ಅವನು ಆ ಕಾಗದವನ್ನೇ ನೋಡುತ್ತಾ ನಿಂತ.

"ಹೇಳಲ್ಲ."

"ಕೆಲಸ ಹೋಗುತ್ತೆ!"

"ಗೊತ್ತು. ಹೋದ್ರೆ ಕಷ್ಟಾನೇ. ನನಗೆ ಬೇರೆ ಏನೂ ಬರಲ್ಲ, ಇದೊಂದೇ ಕೆಲಸ ಬರೋದು." ಅವನು ಪೆನ್ನನ್ನು ಫೈಲಿನ ಪಕ್ಕಕ್ಕೆ ನೇರ ಮಾಡಿಟ್ಟ. "ಆದ್ರೂ ಹೇಳಲ್ಲ. ನಿಮ್ಮ ವಿಷಯ ಕೇಳ್ಕೊಂಡೂ ಒಬ್ರು ಬಂದಿದ್ರು. ಅವರಿಗೂ ಇದೇ ಉತ್ತರ ಕೊಟ್ಟೆ."

"ಯಾರು ಬಂದಿದ್ದು?"

"ಅದನ್ನೂ ಹೇಳಲ್ಲ."

"ಅಯ್ಯೋ! ನೀವೇನು ಮನುಷ್ಯರಾ, ಕಬ್ಬಿಣದ ಬೀರುನಾ?"

ಅವನು ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದ. ಊಟ ಮಾಡುವ ಮನಸ್ಸು ಅವನಿಗೆ ಹೋಗಿತ್ತು, ಪಾಪ.

ಅವಳು ದೂರನ್ನು ಚೀಲಕ್ಕೆ ತುರುಕಿಕೊಂಡು ಹೊರಬಂದಳು. ಹತ್ತು ಹೆಜ್ಜೆ ಕೋಪದಲ್ಲಿ ನಡೆದಳು. ಹನ್ನೊಂದನೆಯದಕ್ಕೆ ನಿಂತಳು.

ತನ್ನ ಕೆಲಸ ಉಳಿಸಿಕೊಳ್ಳೋಕೆ ಒಂದು ಪದ ಹೇಳದವನು... ನನ್ನ ವಿಷಯಾನ ಸುಮ್ಮಸುಮ್ಮನೆ ಹೋಗಿ ಹೇಳಿರ್ತಾನಾ?

ಥೂ! ಸೇಡು ತೀರಿಸಿಕೊಳ್ಳಲು ಹೊರಟವಳಿಗೆ ಸಿಕ್ಕವನು ತಪ್ಪೇ ಮಾಡದವನಾಗಿದ್ದ. ಅವಳ ಸಿಟ್ಟಿಗೆ ಈಗ ಹೋಗಿ ನಿಲ್ಲಲು ಜಾಗವೇ ಇರಲಿಲ್ಲ. ಬಟ್ಟೆ ಇಲ್ಲದೆ ಸುತ್ತುವ ರೋಲರಿನಂತೆ ಅದು ಸುಮ್ಮನೆ ಕಾಯುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಅವಳು ಅಧಿಕಾರಿಯ ಕೋಣೆಗೆ ಹೋದಳು.

"ಸಾರ್, ಕ್ಲಿನಿಕ್ ಮೇಲೆ ದೂರು ಕೊಟ್ಟಿದ್ದೀನಿ. ನನ್ನ ಸರ್ಟಿಫಿಕೇಟ್ ಬೇಕಿತ್ತು."

"ಕೊಡು ಕೊಡು, ದೂರು ಕೊಡು!" ಅವನಿಗೆ ಖುಷಿಯೋ ಖುಷಿ. "ಆ ಕ್ಲಿನಿಕ್ಕಿನವರ ಬಾಯಿಗೆ ಬೀಗವೇ ಇಲ್ಲ. ತಗೋ, ನನ್ನ ಹತ್ರ ನಕಲು ಇದೆ."

ಮೂರು ಸಾಲಿನ ಕಾಗದ. ಅದರ ಕೆಳಗೆ ಉಳಿದದ್ದೆಲ್ಲ ಖಾಲಿ. ಅವಳು ಅದನ್ನು ಹಿಡಿದು ಕಿಟಕಿಯ ಬಳಿ ನಿಂತಳು. ಆ ಖಾಲಿ ಜಾಗ ಯಾಕೋ ಸ್ವಲ್ಪ ಮಸುಕಾಗಿತ್ತು. ಯಾರೋ ಪೆನ್ಸಿಲಿನಿಂದ ಗೀಚಿ, ಆಮೇಲೆ ರಬ್ಬರಿನಿಂದ ಉಜ್ಜಿದಂತೆ... ಮೂಲೆಯಲ್ಲಿ ರಬ್ಬರಿನ ಪುಡಿಯೂ ಅಂಟಿತ್ತು.

ಆರು ವರ್ಷದ ಅಭ್ಯಾಸ. ಕೈ ತಾನಾಗಿಯೇ ಕಾಗದವನ್ನು ಬೆಳಕಿಗೆ ಓರೆ ಮಾಡಿತು.

ಗುರುತುಗಳು! ಬೆಡ್‌ಶೀಟಿನ ಅಡಿಯಲ್ಲಿ ಗುಂಡಿ ಸಿಕ್ಕಿ ರೋಲರಿನಲ್ಲಿ ಹೋದರೆ ಬಟ್ಟೆಯ ಮೇಲೆ ಅದರ ಅಚ್ಚು ಬೀಳುತ್ತದಲ್ಲ, ಹಾಗೆ ಕಾಗದದ ಮೈಮೇಲೆ ಅಕ್ಷರಗಳು ಒತ್ತಿಕೊಂಡಿದ್ದವು. ದುಂಡನೆಯ ಅಕ್ಷರಗಳು. 'ತಾಯಿಯ ನಿಧನದ ನಂತರ ನಿದ್ರಾಹೀನತೆ... ಕಾರಣವಿಲ್ಲದೆ ಅಳು...'

ಅವಳು ಕಾಗದವನ್ನು ಕಣ್ಣಿಗೆ ಮತ್ತಷ್ಟು ಹತ್ತಿರ ತಂದಳು.

ಪ್ಯಾಡಿನ ಮೇಲಿನ ಹಾಳೆಯಲ್ಲಿ ಮೊದಲು ಪತ್ರ. ಅದನ್ನು ಹರಿದ ಮೇಲೆ, ಅದರ ಕೆಳಗಿನ ಹಾಳೆಯಲ್ಲಿ ಸರ್ಟಿಫಿಕೇಟ್. ಮೇಲೆ ಬರೆದದ್ದೆಲ್ಲ ಕೆಳಗೆ ಒತ್ತಿಕೊಂಡು ಬಂದಿದೆ. ಆ ಕಳ್ಳ ಕೂತುಕೊಂಡು ಪೆನ್ಸಿಲಿನಿಂದ ಅದನ್ನು ಎಬ್ಬಿಸಿ ಓದಿದ್ದಾನೆ!

ಊಟದ ಬಿಡುವಿನಲ್ಲಿ ಅವಳು ಕ್ಲಿನಿಕ್ಕಿಗೆ ಹೆಚ್ಚುಕಡಿಮೆ ಓಡಿದಳು. ಕಾಗದವನ್ನು ಗುಮಾಸ್ತನ ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದಳು. ಅವನು ಓದಿದ. ಮತ್ತೊಮ್ಮೆ ಓದಿದ. ತನ್ನ ಪ್ಯಾಡಿನ ಮೇಲಿನ ಹಾಳೆಗೆ ಪೆನ್ಸಿಲು ಆಡಿಸಿದ... ಯಾರದೋ ಹೆಸರಿನ ಮೊದಲಕ್ಷರ ಬೂದುಬಣ್ಣದಲ್ಲಿ ಎದ್ದು ಬಂದದ್ದೇ ತಡ, ಅವಳು ನೋಡದಂತೆ ಪ್ಯಾಡನ್ನು ಫಟ್ಟನೆ ಮಗುಚಿದ.

ಅವನ ಮುಖ ಸುಣ್ಣದಂತಾಗಿತ್ತು.

"ನಾನೇ ಹೇಳಿದ್ದು," ಎಂದ.

"ಏನು?"

"ಬಾಯಿಂದ ಹೇಳಲಿಲ್ಲ ಅಷ್ಟೇ. ಕೈಯಿಂದ ಹೇಳ್ಬಿಟ್ಟೆ. ನಂಗೆ ಒತ್ತಿ ಬರೆಯೋ ಅಭ್ಯಾಸ. ಡಾಕ್ಟರಮ್ಮನಿಗೆ ಕಾಣ್ಲಿ ಅಂತ... ಎಷ್ಟು ಜನರ ಚೀಟಿ ಹೀಗೆ ಹೋಗಿದೆಯೋ! ನೀವು ಬೈದಿದ್ದೆಲ್ಲ ಸರಿ ಮೇಡಂ. ಸೋಮವಾರ ನಾನೇ ಒಪ್ಕೋತೀನಿ."

ಅವಳು ಅವನನ್ನೇ ನೋಡಿದಳು. ಈ ಕ್ಷಣಕ್ಕಾಗಿ ಅವಳು ನಾಲ್ಕು ದಿನ ಕಾದಿದ್ದಳು. ತಪ್ಪಿತಸ್ಥ ಎದುರಿಗೆ ತಲೆ ತಗ್ಗಿಸಿ ನಿಂತಿದ್ದಾನೆ. ಹೊಟ್ಟೆ ತಣ್ಣಗಾಗಬೇಕಿತ್ತು. ಯಾಕೆ ಆಗುತ್ತಿಲ್ಲ?

"ನಿಮ್ಮ ಮೇಲೆ ನಂಗೆ ಕೋಪ ಇದೆ," ಎಂದಳು. "ಹೋಗಿಲ್ಲ. ಆದ್ರೆ ನಿಮ್ಮ ಸರದಿ ಸೋಮವಾರ. ಅದಕ್ಕೂ ಮೊದಲು ಅವನ ಸರದಿ. ಒಂದು ಲೆಟರ್‌ಹೆಡ್ ಕೊಡಿ."

"ಯಾಕೆ?"

"ಒಂದು ಕಾಯಿಲೆ ಬರೀಬೇಕು. ಸುಳ್ಳು ಕಾಯಿಲೆ."

"ಈ ಹಾಳೆ ಮೇಲಾ? ಖಂಡಿತ ಇಲ್ಲ!" ತಪ್ಪೊಪ್ಪಿಕೊಂಡ ಮನುಷ್ಯನಿಗೆ ಎಲ್ಲಿಂದ ಬಂತೋ ಧೈರ್ಯ! "ಡಾಕ್ಟರಮ್ಮನ ಹೆಸರಿರೋ ಹಾಳೇಲಿ ಸುಳ್ಳು ಬರೆಯೋಕೆ ಬಿಡಲ್ಲ. ಬೇಕಾದ್ರೆ ಇನ್ನೊಂದು ದೂರು ಕೊಡಿ."

"ಹಾಗಾದ್ರೆ ನನ್ನ ಪುಸ್ತಕದಲ್ಲಿ ನಾನೇ ಬರ್ಕೋತೀನಿ. ಪೆನ್ನಾದ್ರೂ ಕೊಡ್ತೀರಾ, ಅದಕ್ಕೂ ಡಾಕ್ಟರಮ್ಮನ ಸಹಿ ಬೇಕಾ?"

ಅವನು ಪೆನ್ನು ಕೊಟ್ಟ. ಕೊಡುವಾಗ ಅವನ ತುಟಿಯ ಕೊನೆ ಒಂದಿಷ್ಟು ಏರಿತು. ಛೇ, ನಕ್ಕರೆ ಚೆನ್ನಾಗಿ ಕಾಣ್ತಾನೆ... ಅವಳು ತನ್ನನ್ನು ತಾನೇ ಗದರಿಕೊಂಡಳು.

ಶನಿವಾರ ಲಾಂಡ್ರಿಯ ಯಜಮಾನಿ ಬರುವ ದಿನ. ಎಲ್ಲರೂ 'ಅಮ್ಮಾವ್ರು' ಎನ್ನುತ್ತಿದ್ದ ಆ ಹೆಂಗಸು ಬಾಯ್ಲರಿನಿಂದ ಹಿಡಿದು ಮೇಜಿನ ತನಕ ಒಂದೊಂದನ್ನೂ ಮುಟ್ಟಿ ನೋಡಿಕೊಂಡು ಹೋಗುವವರು.

ಹತ್ತು ಗಂಟೆಗೆ ಅವಳು ಅಧಿಕಾರಿಯ ಮೇಜಿನ ಮೇಲೆ ಅರ್ಧ ದಿನದ ರಜೆಗೆ ಅರ್ಜಿಯಿಟ್ಟಳು. ತಂಗಿಯ ಕಾಲೇಜಿನಲ್ಲಿ ಕೆಲಸವಿದೆ ಎಂದು ಎರಡೇ ಸಾಲು. ಕೆಳಗೆಲ್ಲ ಖಾಲಿ.

ಹತ್ತೂವರೆಗೆ ನಲ್ಲಿಯ ಬಳಿ ಗಲಾಟೆ ಎದ್ದಿತು.

ಅಧಿಕಾರಿ ಅಂಗಿಯ ತೋಳನ್ನು ಭುಜದ ತನಕ ಏರಿಸಿಕೊಂಡು, ಬಟ್ಟೆ ಒಗೆಯುವ ಸೋಪಿನಿಂದಲೇ ಕೈ ತಿಕ್ಕುತ್ತಿದ್ದ! ಮೂಗಿಗೆ ಕರವಸ್ತ್ರ ಕಟ್ಟಿದ್ದ. ಕತ್ತು ಕೆರೆದ, ಮೊಣಕೈ ಕೆರೆದ, ಮತ್ತೆ ಕತ್ತು ಕೆರೆದ.

"ಏ, ಬಟ್ಟೆ ಮುಟ್ಬೇಡ ನೀನು! ಆಚೆ ಹೋಗು! ಎಲ್ರೂ ದೂರ ಸರೀರಿ ಅವಳಿಂದ!"

ಅಮ್ಮಾವ್ರು ಬಾಯ್ಲರಿನ ಕಡೆಯಿಂದ ಬಂದರು. "ಏನ್ರೀ ಅದು ಕೂಗಾಟ?"

"ಅಮ್ಮಾವ್ರೇ, ಇವಳಿಗೆ ಅಂಟು ತುರಿ ಬಂದಿದೆ! ಮುಟ್ಟಿದ ಕಾಗದದಿಂದಲೂ ಅಂಟುತ್ತೆ! ಹೋಟೆಲ್ ಬಟ್ಟೆ ಇದು, ಇವಳನ್ನ ಇವತ್ತೇ ಮನೆಗೆ..."

"ಯಾರು ಹೇಳಿದ್ರು ಸಾರ್?" ಅವಳು ಕೇಳಿದಳು.

ರೋಲರಿನ ಸದ್ದೊಂದೇ ಉಳಿಯಿತು.

"ನಂಗೆ ತುರಿ ಅಂತ ಯಾರು ಹೇಳಿದ್ರು? ನಾನು ಯಾವ ಡಾಕ್ಟರಿಗೂ ತೋರಿಸಿಲ್ಲ. ಯಾರ ಹತ್ರಾನೂ ಬಾಯಿಬಿಟ್ಟಿಲ್ಲ. ಯಾಕಂದ್ರೆ ನಂಗೆ ತುರಿ ಇಲ್ಲ." ಅವಳು ಜೇಬಿನಿಂದ ಮಡಚಿದ ಹಾಳೆ ತೆಗೆದು ಅಮ್ಮಾವ್ರ ಕೈಗಿಟ್ಟಳು. "ಅದನ್ನ ನಾನು ಬರೆದಿದ್ದು ಈ ಹಾಳೇಲಿ. ಇದು ನಿನ್ನೆಯಿಂದ ನನ್ನ ಜೇಬಲ್ಲೇ ಇದೆ. ಇದರ ಕೆಳಗಿನ ಹಾಳೇಲಿ ರಜೆ ಅರ್ಜಿ ಬರೆದೆ. ಅವರ ಮೇಜಿನ ಮೇಲೆ ಈಗ ಅದು ಯಾವ ಬಣ್ಣದಲ್ಲಿದೆ, ನೋಡಿ ಬನ್ನಿ ಅಮ್ಮಾವ್ರೇ."

ನೋಡಲು ಅಮ್ಮಾವ್ರೇ ಹೋದರು. ಹಿಂತಿರುಗಿದಾಗ ಅವರ ಕೈಯಲ್ಲಿದ್ದ ಅರ್ಜಿ ತುದಿಯಿಂದ ತುದಿಗೆ ಪೆನ್ಸಿಲಿನ ಮಸಿಯಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಬೆಳ್ಳಗೆ ಹೊಳೆಯುತ್ತಿತ್ತು ಅವಳ ಅಕ್ಷರ: 'ಅಂಟು ತುರಿ. ಈ ಕಾಗದ ಮುಟ್ಟಿದವರಿಗೂ ಬರುತ್ತದೆ.'

ಕೊಳೆ ಬಟ್ಟೆ ಕೋಣೆಯ ಹಿರಿಯಳು, ಎಲ್ಲರೂ 'ಅತ್ತೆ' ಎಂದು ಕರೆಯುತ್ತಿದ್ದವಳು, ಸೊಂಟಕ್ಕೆ ಕೈಯಿಟ್ಟಳು. "ಸಾರ್, ಸೋಪು ಸಾಕಾ, ಬ್ಲೀಚು ತರ್ಲಾ? ಮಸಿ ಬೆರಳಿಂದ ಹೋಗ್ತಾನೇ ಇಲ್ವಲ್ಲ!"

"ಓಹೋ!" ಬಾಯ್ಲರಿನವನು ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದ. "ನನ್ನ ಮೂಲವ್ಯಾಧಿ ಸುದ್ದಿ ಕ್ಯಾಂಟೀನಿಗೆ ಹೇಗೆ ಬಂತು ಅಂತ ವರ್ಷದಿಂದ ಯೋಚನೆ ಮಾಡ್ತಿದ್ದೆ!"

ಯಾರೋ ನಕ್ಕರು. ಆದರೆ ಮಡಚುವ ಮೇಜಿನ ಕೊನೆಯಲ್ಲಿದ್ದ ಒಬ್ಬ ಹೆಂಗಸು ನಗಲಿಲ್ಲ. "ನನ್ನ ಹೊಟ್ಟೇಲಿದ್ದ ಮಗು ಹೋಗಿದ್ದು ಗಂಡನ ಮನೇಲೂ ಹೇಳಿರ್ಲಿಲ್ಲ ನಾನು," ಎಂದಳು ಮೆಲ್ಲಗೆ. "ಇಲ್ಲಿ ಎಲ್ರಿಗೂ ಗೊತ್ತಿತ್ತು."

ನಗು ನಿಂತಿತು. ಅಧಿಕಾರಿ ಗೋಡೆಗೆ ಒರಗಿದ್ದ. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳ ನಾಲಿಗೆಯ ತುದಿಯಲ್ಲಿ ಇನ್ನೊಂದು ಮಾತಿತ್ತು. ಕೊನೆಯ ಏಟು. 'ಬುಧವಾರ ಹಿಂಬಾಗಿಲಿಂದ ಯಾಕೆ ಬಂದ್ರಿ ಸಾರ್? ಅಂಗಿಯೊಳಗೆ ಏನಿತ್ತು?' ಎಂದರೆ ಸಾಕಿತ್ತು. ಉಳಿದದ್ದನ್ನು ನಲವತ್ತು ಜನ ತಾವಾಗಿಯೇ ಹೊಲಿದುಕೊಳ್ಳುತ್ತಿದ್ದರು.

"ಸಾರ್, ಬುಧವಾರ..." ಎಂದಳು.

ಅವನು ತಲೆಯೆತ್ತಿದ. ಆ ಕಣ್ಣಿನಲ್ಲಿದ್ದ ಭಯ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಎರಡು ವಾರದ ರಜೆ ಮುಗಿಸಿ ಬಂದ ದಿನ ಕನ್ನಡಿಯಲ್ಲಿ ಅದನ್ನೇ ನೋಡಿದ್ದಳು.

ಡಬ್ಬಿಯ ಮುಚ್ಚಳ ಹಾಕಿ ನಿಂತ ಒಬ್ಬ ಗುಮಾಸ್ತ ನೆನಪಾದ.

"...ಏನಿಲ್ಲ ಬಿಡಿ," ಎಂದಳು.

ಅವಳು ಏನು ನುಂಗಿಕೊಂಡಳೆಂದು ಅವನಿಗೊಬ್ಬನಿಗೇ ಅರ್ಥವಾಯಿತು. ಇಲ್ಲದ ತುರಿಗಿಂತ ಆ ಮೌನವೇ ಅವನನ್ನು ಹೆಚ್ಚು ಕೆರೆದಿರಬೇಕು. ಮಧ್ಯಾಹ್ನದೊಳಗೆ ಅಮ್ಮಾವ್ರು ಅವನ ಬೀರುವಿನ ಕೀಲಿ ಕಸಿದುಕೊಂಡು ಅವನನ್ನು ಮನೆಗೆ ಕಳಿಸಿದರು. ಅವನು ಗೇಟು ದಾಟುವ ತನಕ ಅವಳು ನಿಂತು ನೋಡಿದಳು. ಕಣ್ಣು ತುಂಬಾ ನೋಡಿದಳು. ಅಷ್ಟು ಸುಖ ಅವಳ ಪಾಲಿನದು, ಅದನ್ನು ಯಾಕೆ ಬಿಡಬೇಕು?

"ಸೋಮವಾರದಿಂದ ನಿನ್ನ ಮೇಜಿಗೆ ಬಾ," ಎಂದರು ಅಮ್ಮಾವ್ರು. "ನಂಗೂ ಗೊತ್ತಾಗ್ಬೇಕಿತ್ತು. ತಪ್ಪಾಯ್ತಮ್ಮಾ."

ಸೋಮವಾರ ಸಂಜೆ ವಿಚಾರಣೆ. ದೂರು ಹಿಂತೆಗೆದುಕೊಳ್ಳುವ ಕಾಗದ ಬರೆದುಕೊಂಡೇ ಅವಳು ಹೋಗಿದ್ದಳು. ಅದನ್ನು ಕೊಡುವಷ್ಟರಲ್ಲಿ ಗುಮಾಸ್ತ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ. ಪ್ಯಾಡು, ಪೆನ್ಸಿಲು, ಒತ್ತು, ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ನೀನು ಒತ್ತಿ ಬರೆದಿದ್ದು ನನಗೋಸ್ಕರ. ಕೆಳಗಿನ ಹಾಳೆ ನೋಡದೆ ಸಹಿ ಹಾಕಿದ್ದು ನಾನು. ಇವತ್ತಿಂದ ಪ್ಯಾಡ್ ಬೇಡ, ಬಿಡಿ ಹಾಳೆ ಸಾಕು. ಈ ವರ್ಷ ಚೀಟಿ ತಗೊಂಡವರ ಹತ್ರ ಒಬ್ಬೊಬ್ಬರಾಗಿ ಇಬ್ಬರೂ ಹೋಗಿ ಹೇಳೋಣ. ಬೈದ್ರೆ ಬೈಸ್ಕೊಳ್ಳೋಣ. ಏನಮ್ಮಾ, ಸಾಕಾ ನಿಂಗೆ?"

"ಸಾಕು," ಎಂದಳು ಅವಳು.

ಹೊರಗೆ ಮೆಟ್ಟಿಲ ಮೇಲೆ ಅವನು ಅವಳ ಹಿಂದೆಯೇ ಬಂದ.

"ಮೇಡಂ... ಒಂದು ಅರ್ಜಿ ಬರ್ಕೊಡ್ತೀರಾ? ನಿಮ್ಮ ಫೈಲನ್ನ ಸೇತುವೆ ಆಚೆ ಇರೋ ಕ್ಲಿನಿಕ್ಕಿಗೆ ವರ್ಗ ಮಾಡಿ ಅಂತ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಇಷ್ಟೆಲ್ಲ ಆದ್ಮೇಲೆ... ನನ್ನ ಮುಖ ನೋಡೋದೂ ಬೇಡ್ವಾ ನಿಮಗೆ?" ಕಣ್ಣಿಗೆ ನೀರು ಬಂದೇಬಿಟ್ಟಿತು. "ಸರಿ. ಕೊಡ್ತೀನಿ. ಈಗ್ಲೇ ಬರ್ಕೊಡ್ತೀನಿ! ಕಾಗದ ತನ್ನಿ!"

"ಅಯ್ಯೋ, ಹಾಗಲ್ಲ!" ಅವನು ಗಾಬರಿಯಾಗಿ ಎರಡು ಮೆಟ್ಟಿಲು ಒಟ್ಟಿಗೆ ಇಳಿದ. "ಫೈಲ್ ಇಲ್ಲಿರೋವರೆಗೂ ನೀವು ಇಲ್ಲಿಯ ರೋಗಿ. ನಾನು ಇಲ್ಲಿಯ ಗುಮಾಸ್ತ. ನಾನು ಒಂದು ಮಾತು ಹೇಳ್ಬೇಕು. ಅದನ್ನ ರೋಗಿಗಳಿಗೆ ಹೇಳಬಾರದು."

ಅವಳು ಕಣ್ಣೊರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"...ಯಾವ ಮಾತು?"

"ಫೈಲ್ ಹೋದ್ಮೇಲೆ ಹೇಳ್ತೀನಿ."

"ಎಷ್ಟು ದಿನ ಆಗುತ್ತೆ?"

"ಒಂದು ವಾರ."

"ಒಂದು ವಾರಾನಾ!"

ಅರ್ಜಿಯನ್ನು ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದಳು.

ಎಂಟನೆಯ ದಿನ, ಪಾಳಿ ಬಿಡುವ ಹೊತ್ತಿಗೆ, ಅವನು ಲಾಂಡ್ರಿಯ ಗೇಟಿನ ಬಳಿ ನಿಂತಿದ್ದ. ಒಳಗಿನಿಂದ ಬಂದ ಬಿಸಿ ಹಬೆಗೆ ಅವನ ಅಂಗಿಯ ಇಸ್ತ್ರಿ ಹೋಗಿತ್ತು, ಒಂದು ತೋಳಿನ ಮಡಿಕೆ ಇನ್ನೊಂದಕ್ಕಿಂತ ಕೆಳಗಿಳಿದಿತ್ತು. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಸುಕ್ಕು ಜಾಸ್ತಿ ಇದೆ, ಆದ್ರೂ ಪರವಾಗಿಲ್ಲ," ಎಂದು ಹೇಳಿ ಹೋದಳು.

"ಫೈಲ್ ನಿನ್ನೆ ಹೋಯ್ತು," ಎಂದ ಅವನು.

"ಹೂಂ."

"ನನಗೆ... ನೀವು ಅಂದ್ರೆ ಇಷ್ಟ. ಬಾಗಿಲು ಒದ್ದು ಬಂದ್ರಲ್ಲ, ಅವತ್ತೇ ಅಂತ ಹೇಳಿದ್ರೆ ನಂಬಲ್ಲ ನೀವು."

ಅವಳ ಎದೆ ತುಂಬಿ ಬಂತು. ಆದರೂ ಮುಖ ಗಂಟು ಹಾಕಿಕೊಂಡಳು. ಅಷ್ಟು ಸುಲಭಕ್ಕೆ ಬಿಟ್ಟರೆ ಅವಳು ಅವಳೇ ಅಲ್ಲ!

"ನನ್ನ ಸೇಡು ಇನ್ನೂ ತೀರಿಲ್ಲ. ನಾನು ಎಷ್ಟು ಅತ್ತೆ, ಯಾಕೆ ಅತ್ತೆ, ಎಷ್ಟು ಮಾತ್ರೆ ತಗೋತೀನಿ, ಎಲ್ಲಾ ನಿಮಗೆ ಗೊತ್ತು. ನಿಮ್ಮದು ನಂಗೆ ಒಂದೂ ಗೊತ್ತಿಲ್ಲ. ಇದು ಅನ್ಯಾಯ. ಯಾರಿಗೂ ಹೇಳದೆ ಇರೋದು ಒಂದು ಹೇಳಿ. ಆಮೇಲೆ ನನ್ನ ಉತ್ತರ."

ಅವನು ತನ್ನ ಚಪ್ಪಲಿ ನೋಡಿಕೊಂಡ.

"ನಾನೂ ಆ ಮನೋವೈದ್ಯರ ಹತ್ರಾನೇ ಹೋಗ್ತೀನಿ," ಎಂದ. "ಮೂರು ವರ್ಷದಿಂದ. ನನ್ನ ಅಣ್ಣ ಹೋದಾಗಿಂದ."

ಅವಳ ಹುಬ್ಬಿನ ಗಂಟು ಸಡಿಲವಾಯಿತು.

"ಯಾವತ್ತು ಹೋಗ್ತೀರಾ? ಅಲ್ಲಿ ನಾನು ನಿಮ್ಮನ್ನ ನೋಡೇ ಇಲ್ಲ..."

"ಗುರುವಾರ ಹೋಗ್ತಿದ್ದೆ. ನಿಮಗೂ ಗುರುವಾರ ಕೊಟ್ರು. ನನ್ನನ್ನ ಅಲ್ಲಿ ಕಂಡ್ರೆ ನಿಮಗೆ ಮುಜುಗರ ಆಗುತ್ತೆ ಅಂತ ಮಂಗಳವಾರಕ್ಕೆ ಬದಲಾಯಿಸ್ಕೊಂಡೆ."

ಅವಳು ಜಾರಿಹೋಗಿದ್ದ ಅವನ ತೋಳಿನ ಮಡಿಕೆಯನ್ನು ಬೆರಳ ತುದಿಯಲ್ಲಿ ಹಿಡಿದು, ಮೆಲ್ಲಗೆ ಮೇಲಕ್ಕೆ ಸರಿಸಿ, ಎರಡೂ ಸಮ ಮಾಡಿದಳು. ಕೈ ಅಲ್ಲೇ ಉಳಿಯಿತು.

"ವಾಪಸ್ ಗುರುವಾರಕ್ಕೇ ಬನ್ನಿ."

"ಬರ್ಲಾ?"

"ಬನ್ನಿ. ಅಲ್ಲಿ ಬೆಂಚು ಉದ್ದ ಇದೆ, ಒಬ್ಬಳೇ ಕೂತು ಬೇಜಾರಾಗುತ್ತೆ."